ಅಜ್ಜಿಯ ಮುಖಕ್ಕೆ ಹಕ್ಕುದಾರರು

ಫೆಬ್ರವರಿ ೩

ಅಕ್ಕಾ,

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳುವ ಮೊದಲು ನೀನೊಬ್ಬಳೇ ಒಮ್ಮೆ ಓದಿಕೋ. ಜೊತೆಗಿರುವ ಫೋಟೋವನ್ನೂ ಮೊದಲು ನೀನೇ ನೋಡು.

ಹೋದ ತಿಂಗಳು ನನ್ನನ್ನು ಮ್ಯೂಸಿಯಮ್ಮಿನ ನೆಲಮಾಳಿಗೆಗೆ ಹಾಕಿದರು. ಮೇಲಿನ ಹಜಾರಗಳನ್ನು ಗುಡಿಸಿ ಒರೆಸುವವರು ಈ ದೇಶದ ಬಿಳಿಯರು, ಕಾಯಂ ನೌಕರರು. ಕೆಳಗೆ ನಾವು, ಕಂಟ್ರಾಕ್ಟಿನವರು. ಟಿಕೆಟ್ ಕೊಂಡು ಬರುವ ಜನ ಇಲ್ಲಿಗೆ ಇಳಿಯುವುದಿಲ್ಲ. ಉದ್ದನೆಯ ಕೋಣೆ, ಎರಡೂ ಕಡೆ ಗಾಜಿನ ಕಪಾಟು, ಒಳಗೆ ಮುಖಗಳು. ಕೆತ್ತಿದ್ದಲ್ಲ, ಬದುಕಿದ್ದ ಮನುಷ್ಯರ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ತೆಗೆದ ಅಚ್ಚುಗಳು. ಒಟ್ಟು ಇನ್ನೂರ ಹನ್ನೆರಡು. ಇವರು ನಮ್ಮನ್ನೂ ನಮ್ಮಂಥವರನ್ನೂ ಆಳುತ್ತಿದ್ದಾಗ ಆಯಾ ದೇಶಗಳಿಂದ ತಂದದ್ದು. ಯಾವ ಜನಾಂಗದ ಮೂಗು ಎಷ್ಟು ಅಗಲ, ಹಣೆ ಎಷ್ಟು ಗಿಡ್ಡ ಎಂದು ಅಳೆದು, ತಾವೇ ಮೇಲು ಎಂದು ಪುಸ್ತಕ ಬರೆಯುವುದಕ್ಕೆ. ಈಗ ಆ ಪುಸ್ತಕಗಳನ್ನು ನೆನೆದರೆ ಅವರಿಗೇ ನಾಚಿಕೆಯಂತೆ. ಮುಖಗಳನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಒಂದೊಂದಾಗಿ ಅವುಗಳ ಧೂಳು ತೆಗೆಯುವುದು ನನ್ನ ಕೆಲಸ.

ನಾಲ್ಕನೆಯ ದಿನ ಮೂರನೆಯ ಸಾಲಿನಲ್ಲಿ ನೀನು ಸಿಕ್ಕಿದೆ. ತಮಾಷೆ ಮಾಡುತ್ತಿಲ್ಲ. ನೀನು ನಿದ್ದೆ ಮಾಡುವಾಗ ಹೇಗಿರುತ್ತೀಯೋ ಹಾಗೆಯೇ, ಅದೇ ಅಗಲ ದವಡೆ, ಅದೇ ಮುಂದೆ ಬಂದ ಕೆಳದುಟಿ. ಕೈಯಲ್ಲಿದ್ದ ಬ್ರಷ್ ಬಿದ್ದುಹೋಯಿತು. ಕೆಳಗಿನ ಚೀಟಿಯಲ್ಲಿ ಹೆಸರಿಲ್ಲ. ಹೆಂಗಸು, ವಯಸ್ಸು ಸುಮಾರು ಹತ್ತೊಂಬತ್ತು, ಗಿರಣಿ ಕೂಲಿ, ೪೧೭ ಎಂದಷ್ಟೇ ಇದೆ. ಅಮ್ಮನ ಪೆಟ್ಟಿಗೆಯಲ್ಲಿ ಅಜ್ಜಿಯ ಗಿರಣಿ ಬಿಲ್ಲೆ ಇದೆಯಲ್ಲ, ಆ ಹಿತ್ತಾಳೆಯ ಮೇಲಿನ ನಂಬರು ನಿನಗೂ ಬಾಯಿಪಾಠ. ಚಿಕ್ಕಂದಿನಲ್ಲಿ ಅದಕ್ಕಾಗಿ ಎಷ್ಟು ಕಿತ್ತಾಡಿದ್ದೇವೆ.

ಅಮ್ಮನಿಗೆ ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡ ಅಜ್ಜಿ, ಒಂದು ಫೋಟೋ ಕೂಡ ಇಲ್ಲದ ಅಜ್ಜಿ, ಇಲ್ಲಿದ್ದಾಳೆ. ಸ್ವಲ್ಪ ನಗುತ್ತಿರುವಂತೆ ಕಾಣುತ್ತಾಳೆ. ನಾನು ದಿನಾ ಬೆಳಗ್ಗೆ ಅವಳ ಮುಖ ಒರೆಸುತ್ತೇನೆ.

ನಿನ್ನ ತಂಗಿ


ಫೆಬ್ರವರಿ ೨೧

ಚಿಕ್ಕವಳೇ,

ಒಬ್ಬಳೇ ಓದಿಕೋ ಎಂದು ಬರೆದಿದ್ದೀಯ. ಈ ಮನೆಯಲ್ಲಿ ನಿನ್ನ ಕಾಗದವನ್ನು ಒಬ್ಬಳೇ ಓದುವ ಭಾಗ್ಯ ನನಗೆ ಎಲ್ಲಿಂದ ಬರಬೇಕು? ಪೋಸ್ಟಿನವನ ಬೆಲ್ಲು ಬೀದಿಯ ತುದಿಯಲ್ಲಿ ಕೇಳಿಸುವಷ್ಟರಲ್ಲಿ ಅಮ್ಮ ಬಾಗಿಲಲ್ಲಿದ್ದಳು. ಲಕೋಟೆ ಹರಿದು ಫೋಟೋ ನೋಡಿ, ದೊಡ್ಡವಳೇ, ನಿನ್ನ ಫೋಟೋವನ್ನು ಚಿಕ್ಕವಳು ನಮಗೇ ಯಾಕೆ ಕಳಿಸಿದ್ದಾಳೆ ಎಂದು ನನ್ನನ್ನು ಕೇಳಿದಳು. ಆಮೇಲೆ ನಾನು ಓದಿ ಹೇಳಿದೆ. ಅವಳು ನಿಂತಲ್ಲೇ ಕೂತುಬಿಟ್ಟಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಇಬ್ಬರಿಗೂ ಗೊತ್ತಾಗಲಿಲ್ಲ.

ಅವಳು ಆಗ ಹೇಳಿದ್ದನ್ನು ಬರೆಯುತ್ತೇನೆ. ಗಿರಣಿಯ ಸಾಹೇಬರು ಒಂದು ದಿನ ಹತ್ತು ಹೆಂಗಸರನ್ನು ಹತ್ತಿಯ ಗೋದಾಮಿಗೆ ಕರೆಸಿದರಂತೆ. ಮಲಗಿಸಿ, ಮೂಗಿನ ಹೊಳ್ಳೆಗಳಿಗೆ ಕೊಳವೆ ಸಿಕ್ಕಿಸಿ, ಮುಖದ ಮೇಲೆ ಗಚ್ಚು ಸುರಿದರಂತೆ. ಒಲ್ಲೆ ಎಂದ ಒಬ್ಬಳಿಗೆ ಮಾರನೆಯ ದಿನದಿಂದ ಗಿರಣಿಯ ಗೇಟು ಮುಚ್ಚಿತಂತೆ. ಅಜ್ಜಿ ಆಮೇಲೆ ಸಾಯುವ ತನಕ ಮುಖಕ್ಕೆ ನೀರು ಎರಚಿಕೊಳ್ಳಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದಳು, ಅದೂ ಕಣ್ಣು ಬಿಟ್ಟುಕೊಂಡು. ಇಷ್ಟು ವರ್ಷ ಅಮ್ಮ ಇದನ್ನು ನಮಗೆ ಹೇಳಿರಲಿಲ್ಲ.

ಇನ್ನು ನಿನ್ನ ಆ ನಗುವಿನ ವಿಷಯ. ನಾನು ಹದಿನೇಳು ವರ್ಷದಿಂದ ಹಲ್ಲಿನ ಸೆಟ್ ಮಾಡುವವಳು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾನು ಪ್ಲಾಸ್ಟರ್ ಕಲಸಿ ಸುರಿದು ದವಡೆ ಎಬ್ಬಿಸುತ್ತೇನೆ. ಪ್ಲಾಸ್ಟರ್ ಸುರಿಯುವಾಗ ತಣ್ಣಗಿರುತ್ತದೆ, ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ದಪ್ಪಗೆ ಮೆತ್ತಿದರೆ ಚರ್ಮ ಸುಡುತ್ತದೆ. ಬಾಯಿ ತೆರೆಯುವಂತಿಲ್ಲ, ಏಳುವಂತಿಲ್ಲ. ಆಗ ಹಲ್ಲು ಕಚ್ಚಿ ಹಿಡಿದರೆ ತುಟಿಯ ತುದಿ ಹೀಗೆ ಹಿಂದಕ್ಕೆ ಸರಿಯುತ್ತದೆ. ಅವಳು ನಗುತ್ತಿಲ್ಲ ಕಣೇ. ಎಡಹುಬ್ಬಿನಲ್ಲಿ ಕಪ್ಪು ಗೆರೆಗಳ ಹಾಗೆ ಕಾಣುತ್ತಿರುವುದು ಅವಳ ಕೂದಲು. ಅಚ್ಚು ಎಳೆದು ತೆಗೆದಾಗ ಕಿತ್ತುಕೊಂಡು ಬಂದದ್ದು.

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಾಗಿದೆ. ಮುಖ ನನ್ನದು, ಮುಟ್ಟುವವಳು ನೀನು. ಗಚ್ಚಿನ ಕೆಲಸ ಬಲ್ಲವಳು ನಾನು, ಅಜ್ಜಿ ಸಿಕ್ಕಿದ್ದು ನಿನಗೆ. ಅಮ್ಮ ಬೆಳಗಿನಿಂದ ಬೀದಿಯವರನ್ನೆಲ್ಲ ನಿಲ್ಲಿಸಿ, ನನ್ನ ಚಿಕ್ಕವಳು ನನ್ನ ಅಮ್ಮನನ್ನು ಹುಡುಕಿಕೊಟ್ಟಳು ಎನ್ನುತ್ತಿದ್ದಾಳೆ. ದೊಡ್ಡವಳು ಅದೇ ಅಮ್ಮನ ಮುಖ ಹೊತ್ತುಕೊಂಡು ಪಕ್ಕದಲ್ಲೇ ಬಟ್ಟೆ ಒಣಗಿಸುತ್ತಿದ್ದಳು. ಒಬ್ಬರೂ ತಿರುಗಿ ನೋಡಲಿಲ್ಲ.

ಅಮ್ಮನಿಗೆ ಅವಳು ಬೇಕು. ಹೇಗೆ ಕೊಡುತ್ತಾರೆ ಎಂದು ವಿಚಾರಿಸು.

ಅಕ್ಕ


ಮಾರ್ಚ್ ೨೮

ಅಕ್ಕಾ,

ವಿಚಾರಿಸಿದೆ. ಸಂಗ್ರಹದ ಅಧಿಕಾರಿ ಪುರಾವೆ ಕೇಳಿದ. ನಂಬರು ಸಾಲದಂತೆ. ನಾನು ನಿನ್ನ ಫೋಟೋ ಕೊಟ್ಟೆ. ಅವನು ಅದನ್ನು ಅಜ್ಜಿಯ ಪಕ್ಕದಲ್ಲಿ ಹಿಡಿದು ದವಡೆ, ತುಟಿ ಎಲ್ಲ ಹೋಲಿಸಿ ನೋಡಿದ. ಆಮೇಲೆ ನನ್ನ ಮುಖ ನೋಡಿ, ಫೋಟೋದಲ್ಲಿರುವವರು ಮೊಮ್ಮಗಳೆಂಬುದು ಸರಿ, ನೀನು ಯಾರು ಎಂದ. ನಿನಗೆ ಹೊಟ್ಟೆಕಿಚ್ಚು ಅಂದೆಯಲ್ಲ. ಎರಡು ತಿಂಗಳಿಂದ ಅವಳ ಮುಖ ಒರೆಸುತ್ತ ನನ್ನ ಮೂಗೋ ಕೆನ್ನೆಯೋ ಎಲ್ಲಾದರೂ ಸಿಗುತ್ತದೋ ಎಂದು ಹುಡುಕುತ್ತಿದ್ದೇನೆ. ಏನೂ ಸಿಕ್ಕಿಲ್ಲ. ಎಲ್ಲವನ್ನೂ ನೀನೇ ಬಾಚಿಕೊಂಡು ಹುಟ್ಟಿದ್ದೀಯ.

ಇಲ್ಲಿ ನನ್ನ ಜೊತೆ ಕೆಲಸ ಮಾಡುವವಳೊಬ್ಬಳಿದ್ದಾಳೆ. ತನ್ನ ಬಕೆಟನ್ನು ಇನ್ನೊಬ್ಬರು ಮುಟ್ಟಲು ಬಿಡುವುದಿಲ್ಲ, ಅದಕ್ಕೆ ಎಲ್ಲರೂ ಬಕೆಟ್ ರಾಣಿ ಎನ್ನುತ್ತೇವೆ. ಇವರೇ ಆಳಿದ ಇನ್ನೊಂದು ದೇಶದವಳು. ಐದನೆಯ ಸಾಲಿನಲ್ಲಿ ಅವಳ ಊರಿನ ಕಡೆಯ ಮೂವತ್ತೊಂದು ಮುಖಗಳಿವೆ. ಆರು ವರ್ಷದಿಂದ ಒರೆಸುತ್ತಿದ್ದಾಳೆ, ಯಾವುದು ತನ್ನದು ಎಂದು ಇನ್ನೂ ಗೊತ್ತಿಲ್ಲ. ಒಂದು ದಿನ ಒಂದು ತನ್ನ ಅಪ್ಪನಂತೆ, ಇನ್ನೊಂದು ದಿನ ಇನ್ನೊಂದು. ನನಗೆ ಅಜ್ಜಿ ಸಿಕ್ಕ ಮೇಲೆ ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬಂದು, ನಿನ್ನ ಅಜ್ಜಿಯೊಬ್ಬಳನ್ನೇ ಕೊಡಿ ಎಂದು ಯಾಕೆ ಕೇಳುತ್ತೀಯ, ಎಲ್ಲರನ್ನೂ ಕೇಳೋಣ ಎಂದಳು.

ಈಗ ನಾವು ಕಂಟ್ರಾಕ್ಟಿನ ಇಪ್ಪತ್ತಾರು ಜನ ಕೆಲಸ ನಿಲ್ಲಿಸಿ ಗೇಟಿನ ಮುಂದೆ ನಿಂತಿದ್ದೇವೆ. ಪ್ರತಿ ಮುಖವೂ ಅದರ ದೇಶಕ್ಕೆ ಹೋಗಬೇಕು. ಮೇಲಿನವರಿಗೂ ಕೆಳಗಿನವರಿಗೂ ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕು. ಪೇಪರಿನಲ್ಲಿ ನನ್ನ ಫೋಟೋ ಬಂದಿದೆ, ತುಂಡು ಕಳಿಸಿದ್ದೇನೆ. ರಾಣಿ ಪಕ್ಕದಲ್ಲಿರುವ ತನಕ ನನಗೆ ಹೆದರಿಕೆಯಿಲ್ಲ. ಅವಳು ಬೈದರೆ ಅಕ್ಕ ಬೈದ ಹಾಗೇ ಇರುತ್ತದೆ.

ತಂಗಿ


ಏಪ್ರಿಲ್ ೧೭

ಚಿಕ್ಕವಳೇ,

ಪೇಪರಿನ ತುಂಡನ್ನು ಅಮ್ಮ ಗೋಡೆಗೆ ಹಾಕಿದ್ದಾಳೆ. ಬೇರೆ ಮೊಳೆ ಇರಲಿಲ್ಲವಂತೆ, ನನ್ನ ತರಬೇತಿಯ ಸರ್ಟಿಫಿಕೇಟನ್ನು ಇಳಿಸಿ ಕಪಾಟಿನ ಮೇಲಿಟ್ಟಳು. ಹದಿನೇಳು ವರ್ಷದಲ್ಲಿ ನನ್ನ ಮೇಜಿನ ಹತ್ತಿರ ಒಮ್ಮೆಯೂ ನಿಲ್ಲದ ಹಲ್ಲಿನ ಡಾಕ್ಟರು ಮೊನ್ನೆ ನಿಂತರು. ಪೇಪರಿನಲ್ಲಿ ಬಂದವರು ನಿಮ್ಮ ತಂಗಿಯೇ ಎಂದು ಕೇಳಿ ಹೋದರು. ನಾನು ಕಲಸಿಟ್ಟ ಪ್ಲಾಸ್ಟರ್ ಅಷ್ಟರಲ್ಲಿ ಬಟ್ಟಲಲ್ಲೇ ಗಟ್ಟಿಯಾಗಿತ್ತು.

ಹಳೆಯ ಗಿರಣಿ ಕಾರ್ಮಿಕರ ಸಂಘದವರು ಸಭೆ ಇಟ್ಟು ನನ್ನನ್ನು ಕರೆದರು. ಅಜ್ಜಿಯ ತುಟಿಯ ಬಗ್ಗೆ, ಸುಡುವ ಪ್ಲಾಸ್ಟರಿನ ಬಗ್ಗೆ ಹೇಳಬೇಕೆಂದು ಹಿಂದಿನ ದಿನವೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು, ನಿಮ್ಮ ತಂಗಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿ ನನ್ನ ಸೆರಗು ಹಿಡಿದೇ ಹಿತ್ತಲಿಗೆ ಬರುತ್ತಿದ್ದಳು ಎಂದು ಹೇಳಿ ಕೂತೆ. ಜನ ನಕ್ಕರು. ನನ್ನ ಮಾತು ಅಲ್ಲಿಗೆ ಮುಗಿಯಿತು.

ನಿಮ್ಮ ಹೋರಾಟ ಸರಿ ಎಂದು ನನಗೆ ಗೊತ್ತು. ಅಷ್ಟು ತಿಳಿಯದ ದಡ್ಡಿಯಲ್ಲ ನಾನು. ಆದರೆ ನಿನ್ನ ಅಕ್ಕನ ಜಾಗ ಖಾಲಿ ಬಿದ್ದಿಲ್ಲ ಎಂದು ಆ ಬಕೆಟ್ ರಾಣಿಗೆ ಹೇಳು.

ಅಮ್ಮ ಕಿಟಕಿಯ ಹತ್ತಿರದ ಮೇಜನ್ನು ತೆರವು ಮಾಡಿ ಇಟ್ಟಿದ್ದಾಳೆ. ಅಜ್ಜಿಯನ್ನು ಅಲ್ಲಿ ಇಡುವುದಂತೆ.

ಅಕ್ಕ


ಮೇ ೧೨

ಅಕ್ಕಾ,

ಅಮ್ಮನಿಗೆ ಮೆಲ್ಲಗೆ ಹೇಳು.

ನಿನ್ನೆ ಮ್ಯೂಸಿಯಮ್ಮಿನ ನಿರ್ದೇಶಕ ನನ್ನೊಬ್ಬಳನ್ನೇ ಒಳಗೆ ಕರೆಸಿದ. ಕುರ್ಚಿ ಕೊಟ್ಟ, ಅದೇ ಮೊದಲ ಸಲ. ನಿಮ್ಮ ಅಜ್ಜಿಯನ್ನು ನಿಮ್ಮ ಕುಟುಂಬಕ್ಕೆ ಕೊಡುತ್ತೇವೆ, ವಿಶೇಷ ಪ್ರಕರಣ ಎಂದ. ಉಳಿದ ಮುಖಗಳಿಗೆ ಪುರಾವೆಯಿಲ್ಲ, ಅವು ಇಲ್ಲೇ ಇರುತ್ತವೆ. ಕುಟುಂಬ ಸಹಿ ಹಾಕಿದರೆ ವಿಷಯ ಮುಗಿದಂತೆ. ನೀವು ಗೇಟು ಬಿಟ್ಟು ಕೆಲಸಕ್ಕೆ ಬನ್ನಿ ಎಂದ.

ನಾನು ಆಗುವುದಿಲ್ಲ ಎಂದೆ. ಒಬ್ಬಳನ್ನು ಕೊಟ್ಟು ಇನ್ನೂರ ಹನ್ನೊಂದು ಜನರನ್ನು ಉಳಿಸಿಕೊಳ್ಳುವ ಲೆಕ್ಕ ಅವರದು. ಹೊರಗೆ ಬಂದಾಗ ರಾಣಿ ನನ್ನ ಮುಖವನ್ನೇ ನೋಡಿದಳು. ಹೂಂ ಎಂದು ಬಂದಿದ್ದರೆ ಅವಳನ್ನು ನಾನು ಹೇಗೆ ನೋಡಬೇಕಾಗಿತ್ತು?

ಅಮ್ಮನ ಆಸೆ ನನಗೆ ಗೊತ್ತು. ಆ ಮೇಜಿನ ವಿಷಯ ಓದಿ ಅತ್ತಿದ್ದೇನೆ. ಇನ್ನು ಸ್ವಲ್ಪ ದಿನ ಕಾಯಲಿ ಎಂದು ಅವಳಿಗೆ ಹೇಳು. ಅವಳು ಏನೆಂದಳು ಎಂದು ಬರೆ.

ತಂಗಿ


ಮೇ ೩೦

ಚಿಕ್ಕವಳೇ,

ನಿನ್ನ ಕಾಗದ ಸೇರಿತು. ಅಮ್ಮನಿಗೆ ಓದಿ ಹೇಳಿದೆ. ಚಿಕ್ಕವಳು ಬೇಡ ಅಂದರೆ ಅದಕ್ಕೇನೋ ಕಾರಣ ಇರುತ್ತೆ ಎಂದಳು. ಮೇಜಿನ ಮೇಲಿನ ಬಟ್ಟೆಯನ್ನು ಮಾತ್ರ ತೆಗೆಯಲಿಲ್ಲ.

ಇಲ್ಲಿ ಕೆಲಸ ಜಾಸ್ತಿ. ಹೆಚ್ಚು ಬರೆಯಲು ಬಿಡುವಿಲ್ಲ.

ಅಕ್ಕ


ಜುಲೈ ೯

ಅಕ್ಕಾ,

ಏನು ಮಾಡಿಬಿಟ್ಟೆ?

ಸೋಮವಾರ ನಿರ್ದೇಶಕ ಪೇಪರಿನವರನ್ನು ಕರೆದು, ಕುಟುಂಬದೊಂದಿಗೆ ಸೌಹಾರ್ದದಿಂದ ಎಲ್ಲ ಇತ್ಯರ್ಥವಾಗಿದೆ ಎಂದು ಹೇಳಿದ. ನಾವು ಗೇಟಿನ ಹೊರಗೆ ನಿಂತೇ ಅದನ್ನು ಕೇಳಿದೆವು. ಸುಳ್ಳು ಎಂದು ನಾನು ಕೂಗಿದೆ. ಆಗ ಅವರ ವಕೀಲ ಬಂದು ನಿನ್ನ ಸಹಿ ತೋರಿಸಿದ. ದುಂಡಗಿನ ಆ ಅಕ್ಷರ ನನಗೆ ಗೊತ್ತಿಲ್ಲದ್ದೇ? ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟವಳು ನೀನು.

ಸಹಿಯ ಮೇಲೆ ಇನ್ನೊಂದು ಸಾಲಿತ್ತು. ಬದುಕಿರುವವರಲ್ಲಿ ಹತ್ತಿರದ ವಾರಸುದಾರರು ಯಾರು ಎಂದು ಕೇಳಿದ್ದಾರೆ. ನೀನು ನಿನ್ನ ಹೆಸರು ಬರೆದಿದ್ದೀಯ. ತಾಯಿ ಎಂಬ ಜಾಗದಲ್ಲಿ, ತೀರಿಕೊಂಡಿದ್ದಾರೆ ಎಂದಿದೆ.

ನಾನು ಅದನ್ನು ನಂಬಿದೆ. ಅಮ್ಮ ಹೋದಳು, ನಾನು ಗೇಟಿನಲ್ಲಿ ನಿಂತಿರುವೆನೆಂದು ಅಕ್ಕ ನನಗೆ ತಿಳಿಸಿಲ್ಲ ಎಂದುಕೊಂಡೆ. ನಿಮ್ಮ ಬೀದಿಯ ಔಷಧಿ ಅಂಗಡಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಆವತ್ತು ಬೆಳಗಿನಿಂದ ಮಧ್ಯಾಹ್ನದ ತನಕ ನನಗೆ ತಾಯಿಯಿರಲಿಲ್ಲ. ರಾಣಿ ನನ್ನನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಕೊನೆಗೆ ಅಂಗಡಿಯವನು ಸಿಕ್ಕ. ನಿಮ್ಮಮ್ಮ ಈಗ ತಾನೇ ಬಂದು ಕೆಮ್ಮಿನ ಔಷಧಿ ನೀರಾಗಿದೆ ಎಂದು ಜಗಳ ಮಾಡಿ ಹೋದರು ಎಂದ. ಫೋನ್ ಹಿಡಿದುಕೊಂಡೇ ನಕ್ಕೆ, ಅತ್ತೆ, ಆಮೇಲೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹೋರಾಟ ಮುರಿಯಿತು. ರಾಣಿಯೂ ಸೇರಿ ಆರು ಜನರನ್ನು ಕೆಲಸದಿಂದ ತೆಗೆದರು. ನನ್ನನ್ನು ಮಾತ್ರ, ಕುಟುಂಬದವರು ಎಂದು, ವಾಪಸು ಕರೆದುಕೊಂಡರು. ಅಜ್ಜಿಯನ್ನು ಪಡೆದು ನಮ್ಮನ್ನು ಮಾರಿದಳು ಎಂದು ಜೊತೆಯವರು ನನ್ನ ಮುಖ ನೋಡುವುದಿಲ್ಲ. ರಾಣಿಯ ಬಕೆಟ್ ಕೋಣೆಯ ಮೂಲೆಯಲ್ಲೇ ಇದೆ. ಮುಟ್ಟಲು ನನಗೆ ಕೈ ಬರುವುದಿಲ್ಲ.

ಇನ್ನು ನನಗೆ ಬರೆಯಬೇಡ.

(ಸಹಿ ಹಾಕುವ ಮನಸ್ಸಿಲ್ಲ)


ಆಗಸ್ಟ್ ೨

ಚಿಕ್ಕವಳೇ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ಮೇ ತಿಂಗಳಲ್ಲಿ ನಿನ್ನ ಕಾಗದ ಬಂದ ದಿನ, ಅಮ್ಮ ನಿನ್ನ ಒಂದು ಮಾತಿಗೆ ತನ್ನ ತಾಯಿಯನ್ನೇ ಬಿಟ್ಟುಕೊಟ್ಟಳು. ನಾನು ಹೊಸ ಚಪ್ಪಲಿ ತಗೋ ಎಂದರೆ ವಾರಗಟ್ಟಲೆ ವಾದ ಮಾಡುವವಳು, ನೀನು ಬೇಡ ಎಂದೊಡನೆ ಆಯಿತು ಎಂದಳು. ಅಜ್ಜಿಯನ್ನು ಹುಡುಕಿದ ಹೆಸರು ನಿನಗೆ, ಬೇಡ ಎಂದ ಹೆಸರೂ ನಿನಗೆ. ತಂದ ಹೆಸರಾದರೂ ನನಗಿರಲಿ ಎನ್ನಿಸಿತು. ಟೈಪ್ ಮಾಡುವವರ ಹತ್ತಿರ ಕೂತು ಅವರ ಭಾಷೆಯಲ್ಲಿ ಮ್ಯೂಸಿಯಮ್ಮಿಗೆ ಬರೆಸಿ ತುರ್ತು ಅಂಚೆಯಲ್ಲಿ ಕಳಿಸಿದೆ. ಎರಡು ವಾರದಲ್ಲಿ ತುರ್ತು ಅಂಚೆಯಲ್ಲೇ ಕಾಗದಪತ್ರ ಬಂತು. ಅದರಲ್ಲಿ ತಾಯಿಯ ಸಹಿ ಬೇಕು ಎಂದಿತ್ತು. ಅಮ್ಮನನ್ನು ಕೇಳಿದರೆ ನಿನ್ನನ್ನು ಕೇಳಿ ಹೇಳುತ್ತೇನೆ ಎನ್ನುತ್ತಾಳೆ. ಅಡುಗೆಮನೆಯಲ್ಲಿ ಅವಳು ಪಾತ್ರೆ ಸದ್ದು ಮಾಡುತ್ತಿದ್ದಳು, ನಾನು ಈಚೆ ಕೂತು ಅವಳು ಸತ್ತಿದ್ದಾಳೆ ಎಂದು ಬರೆದೆ. ಅಕ್ಷರ ಎಂದಿನ ಹಾಗೆ ದುಂಡಗೇ ಬಂತು. ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಪೆಟ್ಟಿಗೆ ಬಂದು ಹತ್ತು ದಿನವಾಯಿತು. ಬೀದಿಯವರೆಲ್ಲ ಸೇರಿದ್ದರು. ಸಂಘದವರು ಬಂದು ನನ್ನ ಕೈ ಕುಲುಕಿದರು. ಅಮ್ಮ ಎಲ್ಲರೆದುರು ನನ್ನ ತಲೆ ಸವರಿ, ನನ್ನ ದೊಡ್ಡವಳು ತಂದಳು ಎಂದಳು. ಆ ಮಾತಿಗಾಗಿ ನಲವತ್ತು ವರ್ಷ ಕಾದಿದ್ದೆ ಕಣೇ. ಕೇಳಿದೆ, ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ.

ಜನ ಹೋದ ಮೇಲೆ ಧೂಳು ಒರೆಸೋಣವೆಂದು ಕೈಗೆತ್ತಿಕೊಂಡೆ. ಭಾರವಾಗಿತ್ತು. ಹಳೆಯ ಪ್ಲಾಸ್ಟರ್ ಹಗುರ, ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಇದರ ಮೇಲೆ ಉಗುರು ಜಾರಿತು. ಹುಬ್ಬಿನಲ್ಲಿ ಕೂದಲಿಲ್ಲ, ಕೂದಲಿನ ಆಕಾರದ ಉಬ್ಬು ಗೆರೆ ಮಾತ್ರ ಇದೆ, ಅದಕ್ಕೆ ಕಪ್ಪು ಬಣ್ಣ ಹಚ್ಚಿದ್ದಾರೆ. ಹಿಂಭಾಗದ ಅಂಚು ಸ್ವಲ್ಪ ಮುರಿದು ನೋಡಿದೆ. ಒಳಗೆ ಹಳದಿ. ನಾನು ದಿನಾ ದವಡೆ ಎಬ್ಬಿಸಲು ಕಲಸುತ್ತೇನಲ್ಲ, ಅದೇ ಹೊಸ ಗಟ್ಟಿ ಗಚ್ಚು. ಮೇಲೆ ಕಂದು ನೀರು ಬಳಿದು ಹಳೆಯದರಂತೆ ಮಾಡಿದ್ದಾರೆ. ಇದು ನಕಲು.

ಕಾಗದ ತೆಗೆದು ಓದಿದೆ. ಮೂರನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕಳಿಸುವುದು ಪ್ರತಿ, ಮೂಲ ಅವರ ಬಳಿಯೇ ಇರುತ್ತದೆ, ಕುಟುಂಬ ಇನ್ನು ಯಾವ ಹಕ್ಕನ್ನೂ ಕೇಳುವುದಿಲ್ಲ. ಡಾಕ್ಟರು ಕಳಿಸುವ ಒಂದು ಗೀಟಿನ ಚೀಟಿಯನ್ನೂ ಎರಡು ಸಲ ಓದುವವಳು ನಾನು. ಇದನ್ನು ಓದಲಿಲ್ಲ. ನಿನಗೆ ಗೊತ್ತಾಗುವ ಮೊದಲು ಸಹಿ ಹಾಕುವ ಆತುರ. ನಮ್ಮ ಹಿಂದಿನವರಿಂದ ಇವರು ಹೀಗೆಯೇ ತಾನೇ ನೆಲ, ಗಿರಣಿ ಎಲ್ಲ ಬರೆಸಿಕೊಂಡದ್ದು? ಆವತ್ತಿನವರನ್ನು ಮೋಸ ಹೋದವರು ಎಂದು ನಾನು ಆಡಿಕೊಂಡಿದ್ದೇನೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ದಿನವೂ ಬೆಳಗ್ಗೆ ಅವಳು ಒದ್ದೆ ಬಟ್ಟೆಯಿಂದ ಆ ಮುಖ ಒರೆಸಿ, ಅದರ ಜೊತೆ ಮಾತಾಡುತ್ತಾಳೆ. ಹನ್ನೊಂದನೆಯ ವಯಸ್ಸಿನಿಂದ ಹೇಳಬೇಕಾಗಿದ್ದದ್ದನ್ನೆಲ್ಲ ಹೇಳುತ್ತಿದ್ದಾಳೆ. ಮೊನ್ನೆ ನಮ್ಮ ಅಪ್ಪನ ಮೇಲೆ ಚಾಡಿ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿ ಹಿಂದಕ್ಕೆ ಹೋದೆ.

ಏನು ಮಾಡಲಿ ಹೇಳು.

ಅಕ್ಕ


ಆಗಸ್ಟ್ ೧೯

ಅಕ್ಕಾ,

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಕೇಳಿದ್ದೀಯ, ಅದಕ್ಕೆ ಹೇಳುತ್ತೇನೆ.

ಅದು ನಕಲು ಎಂದು ನನಗೆ ಮೊದಲೇ ಗೊತ್ತಿತ್ತು. ನಿನ್ನ ಪೆಟ್ಟಿಗೆ ಹೊರಟ ಮಾರನೆಯ ಬೆಳಗ್ಗೆ ನಾನು ಕಪಾಟು ತೆರೆದಾಗ ಅಜ್ಜಿ ತನ್ನ ಜಾಗದಲ್ಲೇ ಇದ್ದಳು. ಒಂದು ಸಾಲು ಬರೆದು ನಿನಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ಬೀದಿಯವರ ಮುಂದೆ ಪೆಟ್ಟಿಗೆ ತೆರೆಯಲಿ, ಗಚ್ಚು ಬಲ್ಲವಳು, ಕೈಯಲ್ಲಿ ಹಿಡಿದಾಗ ತಾನೇ ತಿಳಿಯಲಿ ಎಂದುಕೊಂಡೆ. ಅಮ್ಮನೂ ಅಲ್ಲಿರುತ್ತಾಳೆ ಎಂಬುದನ್ನು ಮರೆತೆ. ನಿನ್ನ ಹೊಟ್ಟೆಕಿಚ್ಚು ಅಮ್ಮನನ್ನು ಸಾಯಿಸಿತು, ನನ್ನದು ಅವಳನ್ನು ಗಚ್ಚಿನ ಜೊತೆ ಮಾತಾಡಲು ಕೂರಿಸಿತು. ನಮ್ಮಿಬ್ಬರಲ್ಲಿ ಯಾರು ಕಡಿಮೆ?

ಇಲ್ಲಿನ ಕಾರ್ಮಿಕ ಸಂಘದ ವಕೀಲರಿಗೆ ನಿನ್ನ ಕಾಗದ ಓದಿ ಹೇಳಿದೆ. ತಾಯಿ ಬದುಕಿದ್ದರೆ ನಿನ್ನ ಸಹಿಗೆ ಬೆಲೆಯಿಲ್ಲ, ಒಪ್ಪಂದ ಬಿದ್ದುಹೋಗುತ್ತದೆ ಎಂದರು. ಅದರ ಮೇಲೆ ನಿಂತ 'ಇತ್ಯರ್ಥ'ವೂ ಬೀಳುತ್ತದೆ, ತೆಗೆದ ಆರು ಜನರ ವಿಷಯವನ್ನೂ ಮತ್ತೆ ಎತ್ತಬಹುದು. ಆದರೆ ಅಮ್ಮನೇ ಬರೆಯಬೇಕು. ನೀನು ಸುಳ್ಳು ಬರೆದೆ ಎಂಬುದು ಅದರಲ್ಲಿ ಬರಬೇಕು, ಎಲ್ಲರೆದುರು ಅದನ್ನು ಓದುತ್ತಾರೆ.

ಅಮ್ಮನಿಗೆ ಹೇಳು. ಬೇರೆ ದಾರಿಯಿಲ್ಲ.

ತಂಗಿ


ಸೆಪ್ಟೆಂಬರ್ ೬

ಚಿಕ್ಕವಳೇ,

ಹೇಳಿದೆ. ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಮೊದಲು ನಕಲಿನ ವಿಷಯ ಹೇಳಿದೆ, ಆಮೇಲೆ ನಾನು ಬರೆದ ಸಾಲಿನ ವಿಷಯ. ಅವಳು ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು:

"ಯಾವ ಕಾಯಿಲೆ ಬಂದು ಸತ್ತೆ ಅಂತ ಬರೆದೆ?"

ಅದನ್ನು ಬರೆಯುವುದಕ್ಕೆ ಜಾಗ ಇರಲಿಲ್ಲ ಎಂದೆ. ಓಹೋ, ಹಾಗಾದರೆ ಸುಮ್ಮನೆ ಸತ್ತೆ ಎಂದಳು.

ಮೂರನೆಯ ದಿನ ನಾನು ಊಟಕ್ಕೆ ಕರೆದರೆ, ಸತ್ತವರನ್ನು ಯಾಕೆ ಕರೆಯುತ್ತೀಯ ಎಂದಳು. ನಾನು ಅವಳ ಕಾಲ ಹತ್ತಿರ ಕೂತು ಅತ್ತೆ. ನೀನು ಚಿಕ್ಕವಳ ಮಾತು ಮಾತ್ರ ಕೇಳುತ್ತೀಯ, ಅದಕ್ಕೇ ಹಾಗೆ ಮಾಡಿದೆ ಎಂದೆ. ಆಗ ಅವಳು ಅಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನಿನಗೂ ತಿಳಿಯಲಿ.

"ನೀನು ಕೇಳಿದ್ರೂ ಸಹಿ ಹಾಕ್ತಿದ್ದೆ. ನೀನು ಕೇಳಲೇ ಇಲ್ಲವಲ್ಲ."

ಕಿಟಕಿಯ ಹತ್ತಿರ ಹೋಗಿ ಆ ಮುಖವನ್ನು ತಾನೇ ತೆಗೆದು ಬಟ್ಟೆಯಲ್ಲಿ ಸುತ್ತಿದಳು. ಒಂದು ತಿಂಗಳು ಅಮ್ಮ ಅಂತ ಮಾತಾಡಿದೆ, ಅದೂ ಹೋಯಿತು ಎಂದಳು. ಆಮೇಲೆ ಕಾಗದ ತರಲು ಹೇಳಿದಳು. ಅವಳು ಹೇಳುತ್ತ ಹೋದಳು, ನಾನು ಬರೆದೆ. ಒಂದು ಮಾತನ್ನೂ ತಿದ್ದಬಾರದೆಂದು ಪಕ್ಕದಲ್ಲೇ ಕೂತು ಕಾದಳು. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿ, ಕೊನೆಗೆ ತಾನೇ ಸಹಿ ಹಾಕಿದಳು. ಅದು ಇದರ ಜೊತೆಗಿದೆ. ಗೇಟಿನ ಮುಂದೆ ನೀನು ಓದು. ನಾನು ಸುಳ್ಳು ಬರೆದ ಭಾಗವನ್ನು ನುಂಗಬೇಡ, ಜೋರಾಗಿ ಓದು. ಪಕ್ಕದಲ್ಲಿ ರಾಣಿ ನಿಲ್ಲಲಿ. ಅವಳ ಮೇಲೆ ನನಗೆ ಇನ್ನೂ ಹೊಟ್ಟೆಕಿಚ್ಚಿದೆ, ಆದರೂ ನಿಲ್ಲಲಿ.

ಅಕ್ಕ


ಸೆಪ್ಟೆಂಬರ್ ೬

ಮ್ಯೂಸಿಯಮ್ಮಿನ ದೊಡ್ಡ ಸಾಹೇಬರಿಗೆ,

ನಾನು ಸತ್ತಿಲ್ಲ. ಸತ್ತಿದೀನಿ ಅಂತ ನನ್ನ ದೊಡ್ಡ ಮಗಳು ಬರೆದಿದ್ದು ಸುಳ್ಳು. ಯಾಕೆ ಬರೆದಳು ಅನ್ನೋದು ನಮ್ಮ ಮನೆ ವಿಷಯ. ನಾನು ಬದುಕಿದೀನಿ ಅಂತ ನಮ್ಮ ಬೀದಿಯ ಹನ್ನೆರಡು ಜನ ಬೇರೆ ಕಾಗದದಲ್ಲಿ ಸಹಿ ಹಾಕಿ ಕೊಟ್ಟಿದಾರೆ. ನಾನು ಇರುವಾಗ ಅವಳ ಸಹಿ ನಡೆಯಲ್ಲ ಅಂತ ನಿಮ್ಮ ಕಾನೂನೇ ಹೇಳುತ್ತಂತೆ.

ನೀವು ಕಳಿಸಿದ ನಕಲು ವಾಪಸ್ ಬರ್ತಾ ಇದೆ. ನಮ್ಮ ಮನೇಲಿ ಗಚ್ಚಿನ ಕೆಲಸ ಗೊತ್ತಿರೋರು ಇರ್ತಾರೆ ಅಂತ ನೀವು ಅಂದುಕೊಂಡಿರಲಿಲ್ಲ.

ಇನ್ನು ಮೇಲೆ ನನ್ನ ಅಮ್ಮ ಒಬ್ಬಳನ್ನೇ ಕೊಡ್ತೀವಿ ಅಂತ ಹೇಳಿ ಕಳಿಸಬೇಡಿ. ಆ ಗೋದಾಮಿಗೆ ಅವಳು ಒಬ್ಬಳೇ ಹೋಗಿರಲಿಲ್ಲ. ಕಪಾಟಿನಲ್ಲಿ ಇರೋರನ್ನೆಲ್ಲ ಅವರವರ ಊರಿಗೆ ಕಳಿಸಿ, ಅವಳೂ ಅವರ ಜೊತೆ ಹೊರಟು ಬರಲಿ. ಕೆಲಸದಿಂದ ತೆಗೆದ ಆರು ಜನರನ್ನ ಮೊದಲು ಒಳಗೆ ಕರ್ಕೊಳ್ಳಿ. ಇಷ್ಟು ವರ್ಷ ಆ ಮುಖಗಳಿಗೆ ಧೂಳು ಕೂರದ ಹಾಗೆ ನೋಡಿಕೊಂಡೋರು ಇವರೇ.

ನನ್ನ ಇಬ್ಬರು ಹೆಣ್ಣುಮಕ್ಕಳೂ ಹೊಟ್ಟೆಕಿಚ್ಚಿನವರು. ಯಾರನ್ನ ಹೋಲ್ತಾರೋ ಅಂತ ಬೈತಾ ಇದ್ದೆ. ಇದನ್ನ ಬರೆಸುವಾಗ ಗೊತ್ತಾಯ್ತು, ನನ್ನನ್ನೇ. ನನ್ನ ಅಮ್ಮ ನನ್ನ ಹತ್ತಿರ ಇದ್ದಿದ್ದು ಹನ್ನೊಂದು ವರ್ಷ. ನಿಮ್ಮ ಹತ್ತಿರ ಎಪ್ಪತ್ತು ವರ್ಷದಿಂದ ಇದಾಳೆ. ಅಷ್ಟು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರೂ ಅವಳನ್ನ ಅಮ್ಮಾ ಅಂತ ಕರೆದಿಲ್ಲ. ನಾನು ಕರೀಬೇಕು.

ಬದುಕಿರುವ,
ಅವಳ ಮಗಳು